ಎಂಬತ್ತೇಳು ಸೆಕೆಂಡು ಸುಮ್ಮನೆ ಕೂತ ಅಪರಾಧದ ಕುರಿತು

ಪ್ರಾಯೋಗಿಕ ಕೌಶಲಗಳ ವಿಡಿಯೋ ವಿಶ್ಲೇಷಣಾ ವಿಭಾಗದ ಘನತೆವೆತ್ತ ನಿರ್ದೇಶಕರಿಗೆ,

ಮಾನ್ಯರೇ,

ತಾವೂ ತಮ್ಮ ಮೂರು ಕ್ಯಾಮೆರಾಗಳೂ ಕುಶಲವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಇತ್ತ ವಿಶ್ವವಿದ್ಯಾಲಯದ ಫಿಸಿಯೋಥೆರಪಿ ಪ್ರಯೋಗಾಲಯದಲ್ಲಿ, ಅಂದರೆ ನೆಲಮಹಡಿಯ ಉದ್ದನೆಯ ಕೋಣೆಯಲ್ಲಿ, ನಾಲ್ಕು ಮಂಚ, ಆರು ಗಾಲಿಕುರ್ಚಿ, ಒಂದು ಕೈ ಕಳಚಿಹೋದ ರಬ್ಬರಿನ ಬೊಂಬೆ, ಹತ್ತೊಂಬತ್ತು ವರ್ಷದಿಂದ ಅಲ್ಲೇ ಪಾಠ ಹೇಳಿಕೊಂಡಿರುವ ನಾನು, ಎಲ್ಲರೂ ಇದ್ದಲ್ಲೇ ಇದ್ದೇವೆ. ಇದಕ್ಕೆ ಮುಂಚೆ ತಮಗೆ ನಾಲ್ಕು ಪತ್ರಗಳನ್ನು ಲಕೋಟೆಯಲ್ಲಿಟ್ಟು ಕಳಿಸಿದ್ದೆ. ನಾಲ್ಕಕ್ಕೂ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂತು. ಅಮೂಲ್ಯವಾದದ್ದನ್ನು ಜನ ಬಿಚ್ಚಿ ನೋಡದೆ ಬೀರುವಿನಲ್ಲಿಟ್ಟು ಬೀಗ ಹಾಕುವುದು ಸಹಜವೇ. ಆದ್ದರಿಂದ ಐದನೆಯದನ್ನು ಬಹಿರಂಗ ಪತ್ರವಾಗಿಸಿ, ಊಟಕ್ಕೆ ಹೋಗುವವರೆಲ್ಲ ನಿಂತು ಓದಲಿ ಎಂದು ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ಮೊದಲಿಗೆ ಅಭಿನಂದನೆಗಳು. ಚಿತ್ರ ನೋಡಿ ತಾನೇ ಅಂಕ ಹಾಕುವ ಯಂತ್ರವನ್ನು ತಂದು, ಅದರ ಕ್ಯಾಮೆರಾಗಳನ್ನು ಚಾವಣಿಗೆ ಬಿಗಿಸಿದ ದಿನ ತಾವು ಮಾಡಿದ ಭಾಷಣವನ್ನು ನಾನಿನ್ನೂ ಮರೆತಿಲ್ಲ. ‘ಟೀಚರ್ ಕಣ್ಣಿಗೆ ದಣಿವಾಗತ್ತೆ, ಕೋಪ ಬರತ್ತೆ, ಕರುಣೆ ಬರತ್ತೆ, ಕ್ಯಾಮೆರಾಗೆ ಇದ್ಯಾವ್ದೂ ಬರಲ್ಲ’ ಎಂದಿರಿ. ನೂರಕ್ಕೆ ನೂರು ನಿಜ. ನಮ್ಮ ಅಟೆಂಡರು ಅದೇ ವಾರ ನೆಲ ಒರೆಸಿದ ಬಟ್ಟೆಯಿಂದಲೇ ಮಸೂರಗಳನ್ನೂ ಒರೆಸಿದ್ದರಿಂದ ಅವುಗಳಿಗೆ ಮಂಜು ಕವಿಯಿತು. ಅಂದು ಪರೀಕ್ಷೆಗೆ ನಿಂತ ಇಪ್ಪತ್ತೆರಡು ಮಕ್ಕಳಿಗೂ ತಲಾ ಐವತ್ತೆರಡು ಅಂಕ ಬಂತು. ಅದನ್ನು ತಮ್ಮ ತ್ರೈಮಾಸಿಕ ವರದಿಯಲ್ಲಿ ‘ಮೌಲ್ಯಮಾಪನದಲ್ಲಿ ಸಾಧಿಸಿದ ಸಮಾನತೆ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದಿರಿ. ಒಂದು ಒದ್ದೆ ಬಟ್ಟೆಗೆ ಇಷ್ಟು ದೊಡ್ಡ ಗೌರವ ಸಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಲ್ಲರನ್ನೂ ಅಳೆಯಲು ತಾವು ಬಳಸುವ ಆದರ್ಶ ವಿಡಿಯೋವನ್ನೂ ಹೊಗಳದಿದ್ದರೆ ಕೃತಘ್ನಳಾದೇನು. ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ದಾಟಿಸುವುದು ಹೇಗೆಂದು ತೋರಿಸಲು ಮೊದಲು ನನ್ನನ್ನೇ ಕರೆದಿದ್ದಿರಿ. ನನ್ನ ಕೈಗಳು ತೆರೆಯ ಮೇಲೆ ಮುದುಕಿಯ ಕೈಗಳ ಹಾಗೆ ಕಾಣುತ್ತವೆ ಎಂದು ಛಾಯಾಗ್ರಾಹಕರು ಹೇಳಿದ ಮೇಲೆ ನಾಟಕ ವಿಭಾಗದಿಂದ ಇಬ್ಬರು ಲಕ್ಷಣವಾದ ಯುವಕರನ್ನು ಕರೆಸಿದಿರಿ. ಒಬ್ಬ ಚಿಕಿತ್ಸಕನಾದ, ಇನ್ನೊಬ್ಬ ಪಾರ್ಶ್ವವಾಯು ಬಡಿದವನಾದ. ಪಾರ್ಶ್ವವಾಯುವಿನ ಯುವಕ ಎರಡೂವರೆ ನಿಮಿಷದಲ್ಲಿ ಕುರ್ಚಿ ಸೇರಿದ. ಚಿತ್ರೀಕರಣ ಮುಗಿದದ್ದೇ ತಡ, ಕುರ್ಚಿಯಿಂದ ಜಿಗಿದು ಬಸ್ಸು ಹಿಡಿಯಲು ಓಡಿದ. ಅಂದಿನಿಂದ ನಮ್ಮ ಪ್ರಯೋಗಾಲಯಕ್ಕೆ ಬರುವ ಪ್ರತಿಯೊಬ್ಬ ನಿಜವಾದ ರೋಗಿಯೂ ಬಸ್ಸು ಹಿಡಿಯಬಲ್ಲ ಆ ರೋಗಿಯ ವೇಗಕ್ಕೆ ತಕ್ಕಂತೆ ನಡೆದುಕೊಳ್ಳಬೇಕೆಂದು ನಿಯಮವಾಯಿತು.

ವಿಡಿಯೋ ಎಂದರೆ ಸಿಡಿಮಿಡಿಗೊಳ್ಳುವ ಹಳೇ ಕಾಲದ ಹೆಂಗಸು ಎಂದು ತಾವು ನನ್ನನ್ನು ಬದಿಗೆ ಸರಿಸಬಾರದು. ತಾವು ಬರುವುದಕ್ಕೆ ಆರು ವರ್ಷ ಮುಂಚೆಯೇ ನಾವು ಮೊಬೈಲ್ ಫೋನನ್ನು ಮೂರು ದಪ್ಪ ಪುಸ್ತಕಗಳಿಗೆ ಆನಿಸಿ, ಮಕ್ಕಳು ಕೆಲಸ ಮಾಡುವುದನ್ನು ಚಿತ್ರೀಕರಿಸಿ, ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತು ನೋಡುತ್ತಿದ್ದೆವು. ತನ್ನ ಬೆನ್ನು ಬಿಲ್ಲಿನ ಹಾಗೆ ಬಾಗಿದ್ದನ್ನು ತಾನೇ ಕಂಡ ಹುಡುಗ ಮರುದಿನದಿಂದ ಮಂಡಿ ಬಗ್ಗಿಸುವುದನ್ನು ಕಲಿಯುತ್ತಿದ್ದ. ನಾನು ನೂರು ಸಲ ಬಾಯಿ ಬಡಿದುಕೊಂಡರೂ ಆಗದ್ದು ಅದರಿಂದ ಆಗುತ್ತಿತ್ತು. ಒಮ್ಮೆ ಮಕ್ಕಳು ನನ್ನದೇ ವಿಡಿಯೋ ಹಾಕಿದರು. ಅದರಲ್ಲಿ ರೋಗಿಯೊಬ್ಬರು ಏನೋ ಹೇಳಲು ಮೂರು ಸಲ ಬಾಯಿ ತೆರೆಯುತ್ತಾರೆ, ಮೂರು ಸಲವೂ ನಾನು ‘ಆಯ್ತು ಆಯ್ತು, ಈಗ ಕಾಲು ಇಳಿಸಿ’ ಎಂದು ಅವರ ಮಾತು ತುಂಡರಿಸುತ್ತೇನೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಹದಿಮೂರು ವರ್ಷ ಯಾರ ಮಾತನ್ನೂ ಕೇಳದೆ ಕೇಳುವುದು ಹೇಗೆಂದು ಪಾಠ ಮಾಡಿದ್ದೆನಲ್ಲ! ಇಷ್ಟು ಒಳ್ಳೆಯ ಕನ್ನಡಿಯನ್ನು ಗೋಡೆಯಿಂದ ಕಿತ್ತು, ಕರಿಕೋಟು ತೊಡಿಸಿ, ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿದ್ದು ಮಾತ್ರ ಸಂಪೂರ್ಣವಾಗಿ ತಮ್ಮದೇ ಸಾಧನೆ.

ಈಗ ದೂರಿಗೆ ಬರುತ್ತೇನೆ.

ಮೂರನೇ ವರ್ಷದ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಬಸ್ ಚಾಲಕರ ಮಗಳು. ಏನು ಮಾಡಿದರೂ ಅವಸರವಿಲ್ಲದೆ ಮಾಡುವುದರಿಂದ ಸಹಪಾಠಿಗಳು ಅವಳಿಗೆ ‘ಆಮೆ’ ಎಂದು ಹೆಸರಿಟ್ಟಿದ್ದಾರೆ. ಅದೇ ತರಗತಿಯಲ್ಲಿ, ಅವಳೆಷ್ಟು ನಿಧಾನವೋ ಅಷ್ಟೇ ಚುರುಕಾದ ಹುಡುಗನೊಬ್ಬ ಇದ್ದಾನೆ, ಅವನು ‘ಮಿಂಚು’. ಪರೀಕ್ಷೆಯ ದಿನ ಇಬ್ಬರಿಗೂ ಬಂದ ರೋಗಿ ಒಬ್ಬರೇ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತುಹೋದ ಟೈಲರು ಅವರು. ವಾರಕ್ಕೆ ಮೂರು ದಿನ ಸೊಸೆಯ ತೋಳು ಹಿಡಿದು ನಮ್ಮಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದರು. ಪರೀಕ್ಷೆಗೆ ರೋಗಿಗಳು ಬೇಕು ಎಂದಾಗ ‘ಮಕ್ಳು ಕಲೀಲಿ ಬಿಡಿ, ನನ್ ಮೈ ಹೇಗೂ ಸುಮ್ನೆ ಬಿದ್ದಿದೆ’ ಎಂದು ತಾವಾಗಿ ಒಪ್ಪಿಕೊಂಡವರು.

ಮಿಂಚು ಮೊದಲು ಹೋದ. ಒಳಗೆ ಬಂದವನೇ ಎರಡನೇ ಕ್ಯಾಮೆರಾಕ್ಕೆ ಮುಖ ಕಾಣುವಂತೆ ನಿಂತ, ಎಂಟು ಹಲ್ಲು ಕಾಣುವಂತೆ ನಕ್ಕ, ಮಂಡಿ ಬಗ್ಗಿಸಿದ, ರೋಗಿಯನ್ನು ಎತ್ತಲೆಂದೇ ಕಟ್ಟಿದ ಸೊಂಟಪಟ್ಟಿ ಹಿಡಿದ, ಎತ್ತಿದ, ತಿರುಗಿಸಿದ, ಇಳಿಸಿದ. ಎರಡು ನಿಮಿಷ ಹತ್ತು ಸೆಕೆಂಡು. ತಮ್ಮ ಯಂತ್ರ ತೊಂಬತ್ತಾರು ಅಂಕ ಕೊಟ್ಟಿತು. ಹೇಗಿತ್ತು ಎಂದು ನಾನು ಕೇಳಿದಾಗ ಟೈಲರು, ‘ಹುಡುಗ ಒಳ್ಳೇವ್ನೇ ಮೇಡಂ. ಇಸ್ತ್ರಿ ಮಾಡಿದ ಪ್ಯಾಂಟ್ ಮಡಚಿ ಇಟ್ಟ ಹಾಗೆ ಇಟ್ಬಿಟ್ಟ’ ಎಂದರು.

ಆಮೆ ಒಳಗೆ ಹೋದಳು. ನಾನು ಗಾಜಿನ ಗೋಡೆಯ ಈಚೆ ನಿಂತಿದ್ದೆ. ಟೈಲರನ್ನು ಮಂಚದ ಅಂಚಿಗೆ ಕೂರಿಸಿದಳು. ತಾನು ಅವರೆದುರು ನೆಲಕ್ಕೆ ಮಂಡಿಯೂರಿದಳು, ಅವರ ಬಲಮಂಡಿಯ ಪಕ್ಕ, ತಾಗಿಯೂ ತಾಗದ ಹಾಗೆ, ಅಂಗೈ ಇಟ್ಟಳು. ‘ಅಂಕಲ್, ಈ ಕಾಲು ಸ್ವಲ್ಪ ಹಿಂದಕ್ಕೆ ಬೇಕಲ್ಲ. ನೀವೇ ತನ್ನಿ. ನಾ ಇಲ್ಲೇ ಇದೀನಿ’ ಎಂದಳು. ಆಮೇಲೆ ಏನೂ ಮಾಡಲಿಲ್ಲ. ಅವರ ಪಾದವನ್ನೇ ನೋಡುತ್ತ ಕೂತಳು. ಟೈಲರ ಹಣೆಯಲ್ಲಿ ಬೆವರು ಮೂಡಿತು, ತುಟಿ ಕಚ್ಚಿದರು, ಎಡಗೈಯಿಂದ ಹಾಸಿಗೆಯ ಅಂಚು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಎರಡು ವರ್ಷದಿಂದ ಯಾರಾದರೂ ಎತ್ತಿಟ್ಟರೆ ಮಾತ್ರ ಜಾಗ ಬದಲಾಯಿಸುತ್ತಿದ್ದ ಆ ಪಾದ ಮೊದಲು ಒಂದು ಬೆರಳಿನಷ್ಟು, ನಂತರ ನಾಲ್ಕು ಬೆರಳಿನಷ್ಟು, ನೆಲವನ್ನು ಕೆರೆದುಕೊಂಡು ಹಿಂದಕ್ಕೆ ಬಂತು. ಆಮೇಲೆ ಅವರು ಮುಂದಕ್ಕೆ ವಾಲಿ, ಮುಕ್ಕಾಲು ಪಾಲು ತಮ್ಮದೇ ಬಲದಲ್ಲಿ ಎದ್ದು, ಕುರ್ಚಿಗೆ ತಿರುಗಿ ಕೂತು, ಗಳಗಳನೆ ಅತ್ತುಬಿಟ್ಟರು. ನನ್ನ ಪಕ್ಕದಲ್ಲಿದ್ದ ಸೊಸೆ ಗಾಜಿಗೆ ಹಣೆ ಒತ್ತಿ ‘ಮಾವ ಎದ್ರು, ಮಾವ ತಾವೇ ಎದ್ರು’ ಎನ್ನುತ್ತಿದ್ದಳು.

ತಮ್ಮ ವರದಿಯನ್ನು ಯಥಾವತ್ತಾಗಿ ಇಲ್ಲಿ ಬರೆಯುತ್ತೇನೆ. ‘ನಿಷ್ಕ್ರಿಯ ಅವಧಿ: ಎಂಬತ್ತೇಳು ಸೆಕೆಂಡು. ರೋಗಿಯನ್ನು ಎತ್ತುವಲ್ಲಿ ಅಭ್ಯರ್ಥಿ ವಿಫಲ. ಅಭ್ಯರ್ಥಿಯ ಮುಗುಳ್ನಗೆ: ಸೊನ್ನೆ. ರೋಗಿಯ ಅಸಮಾಧಾನ: ತೀವ್ರ. ಒಟ್ಟು ಅಂಕ: ಮೂವತ್ತೆಂಟು. ಅನುತ್ತೀರ್ಣ.’

ಮಾನ್ಯರೇ, ಮೂರು ಕ್ಯಾಮೆರಾ, ಹದಿನೇಳು ಕೀಲುಗಳ ಕೋನ, ಸೆಕೆಂಡಿಗೆ ಅರವತ್ತು ಚಿತ್ರ! ಇಷ್ಟೆಲ್ಲ ಇದ್ದೂ ಕೋಣೆಯಲ್ಲಿ ನಡೆದ ಒಂದೇ ಒಂದು ಘಟನೆಯನ್ನು ಕಾಣದೆ ಇರುವುದಕ್ಕೆ ಎಷ್ಟು ನೈಪುಣ್ಯ ಬೇಕು ಎಂದು ನಾನು ಬೆರಗಾದೆ. ಸುಮ್ಮನೆ ಕಣ್ಣು ಮುಚ್ಚಿ ಕೂತವನಿಗೂ ಆ ಅಳು ಕೇಳಿಸಿ, ಏನೋ ಆಯಿತು ಎಂದು ಗೊತ್ತಾಗುತ್ತಿತ್ತು.

ಮರುದಿನವೇ ನಾನು ತಮ್ಮ ವಿಭಾಗದ ಸಮಿತಿಯ ಮುಂದೆ ನಿಂತದ್ದು ತಮಗೆ ನೆನಪಿರಬಹುದು. ನಾನು ಕೇಳಿದ್ದು ಒಂದೇ, ‘ಆ ವಿಡಿಯೋನ ಒಂದ್ಸಲ ಹಾಕಿ ನೋಡಿ.’ ಐದು ಜನ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ತಾವು ಕೊಟ್ಟ ಉತ್ತರವನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ‘ಮೇಡಂ, ವಿಡಿಯೋ ನೋಡಿದ್ರೆ ನಮ್ಮ ಮನಸ್ಸಿನ ಮೇಲೆ ಪ್ರಭಾವ ಆಗತ್ತೆ. ಅದಕ್ಕೇ ನಾವ್ಯಾರೂ ನೋಡಲ್ಲ.’ ವಿಡಿಯೋ ವಿಶ್ಲೇಷಣಾ ವಿಭಾಗ ಸ್ಥಾಪನೆಯಾಗಿ ಎರಡು ವರ್ಷ, ಅದರ ಒಬ್ಬ ಸದಸ್ಯರೂ ಇಂದಿಗೂ ಒಂದು ವಿಡಿಯೋ ನೋಡಿಲ್ಲ ಎಂದು ಅಂದು ತಿಳಿಯಿತು. ಅಡುಗೆ ರುಚಿ ನೋಡಿದರೆ ತೀರ್ಪು ಕೆಡುತ್ತದೆಂದು ಪಾತ್ರೆಯ ತೂಕ ನೋಡಿ ಬಹುಮಾನ ಕೊಡುವ ಈ ಕಟ್ಟುನಿಟ್ಟಿಗೆ ತಲೆಬಾಗಿದೆ. ಕೊನೆಗೆ ಟೈಲರನ್ನಾದರೂ ಕರೆದು ಕೇಳಿ ಎಂದೆ. ರೋಗಿಯ ಹೇಳಿಕೆ ದತ್ತಾಂಶದ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ಅದೂ ಸರಿ. ಅವರು ಕೇವಲ ಆ ಕಾಲಿನ ಮಾಲೀಕರು.

ಆಮೆಗೆ ಮರುಪರೀಕ್ಷೆ ಎಂದಾಯಿತು. ಇಷ್ಟರಲ್ಲಿ ಪ್ರಯೋಗಾಲಯದ ಹವೆಯೇ ಬದಲಾಗಿತ್ತು. ಮಕ್ಕಳು ರೋಗಿಗಳ ಬದಲು ಚಾವಣಿಯನ್ನು ಅಭ್ಯಾಸ ಮಾಡುತ್ತಿದ್ದರು. ಯಾವ ಕೋನದಿಂದ ನಿಂತರೆ ಮಂಡಿ ಹೆಚ್ಚು ಬಗ್ಗಿದಂತೆ ಕಾಣುತ್ತದೆ, ಎಷ್ಟು ಹೊತ್ತು ನಕ್ಕರೆ ಯಂತ್ರ ಒಪ್ಪುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಪುಣ್ಯಾತ್ಮ ಮಿಂಚು ಎರಡು ಮಧ್ಯಾಹ್ನ ಕೂತು ಆಮೆಗೂ ಹೇಳಿಕೊಟ್ಟ. ‘ಕಾಯ್ಬೇಡ ಕಣೆ. ಅವರು ಕಾಲು ಎತ್ತಿದ್ರೇನು, ಬಿಟ್ರೇನು? ನೀನು ಎತ್ತು’ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾವುದಕ್ಕೆ ಅಂಕ ಸಿಗುತ್ತದೋ ಅದನ್ನು ಅವನು ಚೆನ್ನಾಗಿ ಕಲಿತಿದ್ದ. ಆ ನಡುವೆ ಬೋಧಕರ ಅರ್ಹತೆಯನ್ನೂ ತಮ್ಮ ಯಂತ್ರ ಅಳೆಯಿತು. ನನಗೆ ನಲವತ್ತೊಂದು ಬಂತು. ನಾನು ನನ್ನ ವಿದ್ಯಾರ್ಥಿಗಳಲ್ಲಿ ತೊಂಬತ್ತರ ಮೇಲೆ ಬಂದವರ ಬಳಿ ಆರು ವಾರ ಪಾಠ ಹೇಳಿಸಿಕೊಳ್ಳಬೇಕೆಂದು ಆದೇಶ ಬಂತು. ಹೇಳಿಸಿಕೊಳ್ಳುತ್ತೇನೆ. ನಗುವುದು ಎಂಬ ಪಾಠದಲ್ಲಿ ನಾನು ಹಿಂದಿದ್ದೇನೆ ಎಂದು ಮನೆಯಲ್ಲೂ ಹೇಳುತ್ತಾರೆ.

ಇನ್ನು ಬರೆಯಬೇಕಾದದ್ದನ್ನು ಬರೆಯಲು ಕೈ ಹಿಂಜರಿಯುತ್ತಿದೆ. ತಮ್ಮ ಮೇಲೆ ಇಷ್ಟು ಹೊತ್ತು ಎಗರಾಡಿದವಳು ಇದನ್ನು ಮುಚ್ಚಿಟ್ಟರೆ ನ್ಯಾಯವಲ್ಲ, ಬರೆಯುತ್ತೇನೆ.

ಮರುಪರೀಕ್ಷೆಗೂ ಟೈಲರೇ ಬಂದರು. ‘ನಮ್ ಹುಡುಗಿ ಪಾಸಾಗ್ಬೇಕು’ ಎಂದು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಒಳಗೆ ಹೋಗುವ ಮುಂಚೆ ಆಮೆ ಬಾಗಿಲ ಬಳಿ ನಿಂತು ನನ್ನನ್ನು ಕೇಳಿದಳು. ‘ಮೇಡಂ, ಕಾಯ್ಲಾ? ಎತ್ಲಾ?’ ಅನುತ್ತೀರ್ಣಳಾದರೆ ಅವಳಿಗೆ ಇಡೀ ವರ್ಷ ಹೋಗುತ್ತಿತ್ತು. ಆ ಕ್ಷಣ ಅವಳ ಅಪ್ಪನ ಮುಖ ನನ್ನ ಕಣ್ಮುಂದೆ ಬಂತು, ನನ್ನ ನಲವತ್ತೊಂದು ಬಂತು, ತಮ್ಮ ಸಮಿತಿಯ ಐದು ಮುಖಗಳೂ ಬಂದವು. ಟೈಲರ ಮುಖವೊಂದು ಬರಲಿಲ್ಲ. ‘ಎತ್ತಿಬಿಡು ಮಗಾ. ಇದೊಂದು ಸಲ’ ಎಂದೆ.

ಅವಳು ಎತ್ತಿದಳು. ಜೀವಮಾನದಲ್ಲಿ ಅವಸರ ಮಾಡದವಳು ಅವಸರ ಮಾಡಿದಳು. ಸೊಂಟಪಟ್ಟಿಗೆ ಹೋಗಬೇಕಿದ್ದ ಕೈ ಸೋತ ಬಲಗೈಯ ಕಂಕುಳಿಗೆ ಹೋಯಿತು. ತಾವೇ ಏಳಬೇಕೆಂದು ಪಾದ ಹಿಂದಕ್ಕೆಳೆಯಲು ಹೊರಟಿದ್ದ ಟೈಲರು ಅರ್ಧದಲ್ಲೇ ಗಾಳಿಗೆ ಎದ್ದರು. ಹಲ್ಲು ಕಚ್ಚಿಕೊಂಡರು. ಹುಡುಗಿಗೆ ತೊಂದರೆಯಾಗದಿರಲಿ ಎಂದು ಒಂದು ಸದ್ದೂ ಮಾಡಲಿಲ್ಲ. ಎರಡು ನಿಮಿಷ ಇಪ್ಪತ್ತು ಸೆಕೆಂಡು. ವರದಿ ಬಂತು. ‘ನಿಷ್ಕ್ರಿಯ ಅವಧಿ: ಇಲ್ಲ. ರೋಗಿಯ ಮುಗುಳ್ನಗೆ: ಅಗಲ. ರೋಗಿಯ ತೃಪ್ತಿ: ಅತ್ಯುತ್ತಮ. ಒಟ್ಟು ಅಂಕ: ತೊಂಬತ್ತೊಂದು.’ ನೋವಿಗೆ ಕಚ್ಚಿದ ಹಲ್ಲುಗಳನ್ನು ತಮ್ಮ ಯಂತ್ರ ಒಂದೊಂದಾಗಿ ಎಣಿಸಿ ಸಂತೋಷವೆಂದು ಬರೆದುಕೊಂಡಿತ್ತು.

ಅವರ ಭುಜದ ಕೀಲು ಸರಿದಿತ್ತು. ಅವರು ಮೂರು ವಾರ ನಮ್ಮಲ್ಲಿಗೆ ಬರಲಿಲ್ಲ. ನಾಲ್ಕನೇ ವಾರ ನಾನೂ ಆಮೆಯೂ ಅವರ ಮನೆಗೆ ಹೋದೆವು. ಬೀದಿಗೆ ತೆರೆದ ಒಂದೇ ಕೋಣೆಯ ಅಂಗಡಿ, ಅದರ ಹಿಂದೆ ಮನೆ. ಸೊಸೆ ಮಿಷನ್ ತುಳಿಯುತ್ತಿದ್ದಳು. ನಮ್ಮನ್ನು ಕಂಡು ತುಳಿಯುವುದನ್ನು ನಿಲ್ಲಿಸಿದಳು, ಬನ್ನಿ ಎನ್ನಲಿಲ್ಲ. ಟೈಲರು ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದರು. ಆಮೆ ಹೊಸ್ತಿಲಲ್ಲೇ ನಿಂತು ‘ಅಂಕಲ್, ನಾನು ಬೇಕು ಅಂತ್ಲೇ ಹಾಗ್ ಮಾಡ್ದೆ. ನಂಗೆ ಗೊತ್ತಿತ್ತು’ ಎಂದಳು. ನಾನು ‘ಹೇಳಿದ್ದು ನಾನು’ ಎಂದೆ. ಟೈಲರು ಅವಳನ್ನೇ ನೋಡಿ ಹೇಳಿದರು. ‘ಭುಜ ಬಿಡು, ಸರಿ ಹೋಗತ್ತೆ. ಮೊದಲನೇ ದಿನ ನಾನು ಮನುಷ್ಯ ಅಂತ ಅನ್ಸಿತ್ತು ಕಣಮ್ಮ. ಎರಡನೇ ದಿನ ಮತ್ತೆ ಬಟ್ಟೆ ಗಂಟಾದೆ. ಅದು ಬೇಜಾರು.’ ಅವಳು ಅವರ ಮುಂದೆ ನೆಲದಲ್ಲಿ ಕೂತು ಅತ್ತಳು. ಸೊಸೆ ಎದ್ದು ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟಳು. ನನಗೆ ಕೊಡಲಿಲ್ಲ. ಅದು ಸರಿಯಾದ ಮೌಲ್ಯಮಾಪನ, ಮಾನ್ಯರೇ. ಒಂದು ಕ್ಯಾಮೆರಾದ ನೆರವೂ ಇಲ್ಲದೆ ಆ ಹೆಣ್ಣುಮಗಳು ಮಾಡಿದ್ದು.

ಮರುದಿನ ಆಮೆ ತಮ್ಮ ಕಚೇರಿಗೆ ಅರ್ಜಿ ಕೊಟ್ಟಳು: ‘ನನ್ನ ತೊಂಬತ್ತೊಂದು ಅಂಕವನ್ನು ರದ್ದು ಮಾಡಿ, ನನಗೆ ನ್ಯಾಯವಾಗಿ ಬಂದ ಮೂವತ್ತೆಂಟನ್ನು ವಾಪಸು ಕೊಡಿ.’ ಅಂಕ ಇಳಿಸಲು ತಂತ್ರಾಂಶದಲ್ಲಿ ಅವಕಾಶವಿಲ್ಲ ಎಂದು ತಮ್ಮ ಗುಮಾಸ್ತರು ಅದನ್ನು ತಿರಸ್ಕರಿಸಿದರು. ಅವಳು ಎರಡನೇ ಸಲ ಕೊಟ್ಟಳು, ಮೂರನೇ ಸಲ ಕೊಟ್ಟಳು. ನಾಲ್ಕನೇ ಸಲ ಅವಳ ಅಪ್ಪನೇ ಖಾಕಿ ಸಮವಸ್ತ್ರದಲ್ಲಿ ಬಂದು ಕಿಟಕಿಯ ಮುಂದೆ ನಿಂತು, ‘ಸ್ವಾಮಿ, ನನ್ ಮಗಳು ಫೇಲಾಗ್ಬೇಕು ಅಂತಿದಾಳೆ. ಇಂಥ ಹಟ ನಾನೂ ನೋಡಿಲ್ಲ. ಮಾಡ್ಕೊಟ್ಬಿಡಿ’ ಎಂದರು. ಕೊನೆಗೆ ಮರುಪರೀಕ್ಷೆಗೆ ಅವಳು ಹಾಜರೇ ಆಗಿರಲಿಲ್ಲ ಎಂದು ನಮೂದಿಸಿ ಒಂದು ದಾರಿ ಹುಡುಕಿದಿರಿ. ಮೂರು ಕ್ಯಾಮೆರಾಗಳ ಎದುರು, ಒಬ್ಬ ಮನುಷ್ಯನ ಭುಜದ ಕೀಲು ತಪ್ಪಿಸಿದ ಮೇಲೂ, ತಮ್ಮ ದಾಖಲೆಯಲ್ಲಿ ಅವಳು ಗೈರುಹಾಜರಿ. ಅವಳು ಈಗ ಮೂರನೇ ವರ್ಷವನ್ನು ಮತ್ತೆ ಓದುತ್ತಿದ್ದಾಳೆ. ಮಂಗಳವಾರ, ಶುಕ್ರವಾರ ಸಂಜೆ ಟೈಲರ ಮನೆಗೆ ಹೋಗುತ್ತಾಳೆ. ಅಲ್ಲಿ ಎಷ್ಟು ಸೆಕೆಂಡು ಕಾಯುತ್ತಾಳೆಂದು ಲೆಕ್ಕವಿಟ್ಟವರಿಲ್ಲ.

ನನ್ನ ಕೋರಿಕೆಗಳು ಸಣ್ಣವು. ತಮ್ಮ ಸಮಿತಿಯ ಐವರು ಸದಸ್ಯರೂ ಒಂದು ದಿನ ಬಲಗಾಲಿಗೂ ಬಲಗೈಗೂ ತಲಾ ಹತ್ತು ಕಿಲೋ ಮರಳಿನ ಚೀಲ ಕಟ್ಟಿಕೊಂಡು ನಮ್ಮ ಮಂಚಗಳ ಮೇಲೆ ಮಲಗಬೇಕು, ತೊಂಬತ್ತರ ಮೇಲೆ ಬಂದ ಮಕ್ಕಳು ತಮ್ಮನ್ನು ಕುರ್ಚಿಗೆ ದಾಟಿಸಬೇಕು, ತಾವು ಆ ಹೊತ್ತಿಗೆ ನಗುತ್ತಿರಬೇಕು. ಇದು ಆಗದಿದ್ದರೆ ಕ್ಯಾಮೆರಾಗಳನ್ನು ಚಾವಣಿಯಿಂದ ಇಳಿಸಿ ನಮ್ಮ ಕೈಗೆ ಕೊಡಿ, ನೆಲದ ಮೇಲೆ ಕೂತು ಮಕ್ಕಳ ಜೊತೆ ನೋಡುತ್ತೇವೆ. ಅವು ಒಳ್ಳೆಯ ವಸ್ತುಗಳು, ಕೆಟ್ಟ ಸಹವಾಸದಲ್ಲಿವೆ. ಅದೂ ಆಗದಿದ್ದರೆ ಅಂಕಪಟ್ಟಿಗೆ ನನ್ನ ಸಹಿ ಬೇಡ. ಈ ವರ್ಷದ ಪಟ್ಟಿ ಸಹಿಯಿಲ್ಲದೆ ನನ್ನ ಮೇಜಿನ ಮೇಲೆ ಇದೆ. ಸಹಿ ಹಾಕದ ಬೋಧಕರನ್ನು ದಾಸ್ತಾನು ಕೋಣೆಯ ಉಸ್ತುವಾರಿಗೆ ಹಾಕುತ್ತಾರಂತೆ. ಸೋಮವಾರದಿಂದ ಬ್ಯಾಂಡೇಜಿನ ಸುರುಳಿಗಳನ್ನು ಎಣಿಸಲು ನಾನು ಸಿದ್ಧಳಾಗಿದ್ದೇನೆ.

ಇಷ್ಟು ಉದ್ದದ ಪತ್ರವನ್ನು ತಾವು ನಿಜವಾಗಿ ಓದಿದ್ದರೆ, ತಮ್ಮ ವಿಭಾಗದಲ್ಲಿ ಅದೇ ಒಂದು ಕ್ರಾಂತಿ ಎಂದು ತಿಳಿದು ಮುಂಗಡವಾಗಿ ವಂದಿಸುತ್ತೇನೆ.

ನಲವತ್ತೊಂದು ಅಂಕದ,
ತಮ್ಮ ವಿಶ್ವಾಸಿ,
ನೆಲಮಹಡಿಯ ಬೋಧಕಿ

ತಾ.ಕ.: ನಿನ್ನೆ ತಮ್ಮ ಮನೆಯಿಂದ ನಮ್ಮ ವಿಭಾಗಕ್ಕೆ, ವ್ಯಾಯಾಮ ಮಾಡಿಸಲು ಯಾರನ್ನಾದರೂ ಮನೆಗೆ ಕಳಿಸಿ ಎಂದು ಫೋನ್ ಬಂದಿತ್ತು. ತಮ್ಮ ತಾಯಿಯವರು ಬಚ್ಚಲಲ್ಲಿ ಜಾರಿ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ ಎಂದು ಕೇಳಿ ಮನಸ್ಸಿಗೆ ಬೇಸರವಾಯಿತು, ಇದರಲ್ಲಿ ವ್ಯಂಗ್ಯವಿಲ್ಲ. ನಿಯಮದ ಪ್ರಕಾರ ಅತಿ ಹೆಚ್ಚು ಅಂಕ ಬಂದವರನ್ನೇ ಕಳಿಸುತ್ತೇನೆ ಎಂದೆ. ‘ಅಯ್ಯೋ, ರ‍್ಯಾಂಕು ಗೀಂಕು ಬೇಡ ಮೇಡಂ. ಅತ್ತೆಗೆ ಭಯ. ಅವಸರ ಮಾಡ್ದೆ ಪಕ್ಕದಲ್ಲಿ ಕೂತ್ಕೊಳ್ಳೋರು ಯಾರಾದ್ರೂ ಇದ್ರೆ ಕಳ್ಸಿ’ ಎಂದರು ತಮ್ಮ ಶ್ರೀಮತಿಯವರು. ಅಂಥವಳು ನಮ್ಮಲ್ಲಿ ಒಬ್ಬಳೇ ಇರುವುದು, ತಮ್ಮ ದಾಖಲೆಯಲ್ಲಿ ಗೈರುಹಾಜರಿ ಇರುವವಳು. ಇಂದು ಬೆಳಿಗ್ಗೆ ಕಳಿಸಿದ್ದೇನೆ. ತಾವು ಮನೆಗೆ ಹೋದಾಗ ಅವಳು ತಾಯಿಯವರ ಮುಂದೆ ಏನೂ ಮಾಡದೆ ಕೂತಿದ್ದರೆ ದಯವಿಟ್ಟು ಗಡಿಯಾರ ನೋಡಬೇಡಿ.